ಬಾಳೆ ಸಸಿಯಂತೆ ಈರುಳ್ಳಿ ಸಸಿಯನ್ನೂ ಟಿಶ್ಯೂ ಕಲ್ಚರ್‌ನಲ್ಲಿ ಬೆಳೆಸಿ ರೈತರಿಗೆ ಮಾರಬಹುದಾ?

ಟಿಶ್ಯೂ ಕಲ್ಚರ್ ಅಂದರೆ ಗಿಡದ ಚೂರನ್ನು ಲ್ಯಾಬಿನ ಬಾಟಲಿಯಲ್ಲಿಟ್ಟು ಸಸಿ ಮಾಡೋದು. ಹಾಗೆ ಈರುಳ್ಳಿಯನ್ನೂ ಬೆಳೆಸಬಹುದು. ಓದುವಾಗ ನಾನೇ ಬೆಳೆಸಿದ್ದೇನೆ. ಮಾರೋದು ಕಷ್ಟ.

ಲೆಕ್ಕ ಹಾಕಿ ನೋಡಿ. ಆರು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 1,200 ಬಾಳೆ ಗಿಡ ಸಾಕು. ಈರುಳ್ಳಿ ಸಾಲಿನಿಂದ ಸಾಲಿಗೆ 15 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂದರೆ ಎಕರೆಗೆ ಎರಡೂವರೆ ಲಕ್ಷ ದಾಟುತ್ತದೆ. ಸಸಿಗೆ ಒಂದೇ ರೂಪಾಯಿ ಇಟ್ಟರೂ ಎರಡೂವರೆ ಲಕ್ಷ! ಮೂರ್ನಾಲ್ಕು ಕೆಜಿ ಬೀಜದಲ್ಲಿ ಮುಗಿಯುವ ಕೆಲಸಕ್ಕೆ ಅಷ್ಟು ದುಡ್ಡು ಯಾರು ಕೊಡ್ತಾರೆ?

ಇನ್ನು ಲ್ಯಾಬಿನ ಪಾಡು. ಗಡ್ಡೆಯ ಸಿಪ್ಪೆ, ಪದರ ಎಲ್ಲ ಬಿಡಿಸಿ, ಬೇರು ಹುಟ್ಟುವ ಬುಡದ ಗಟ್ಟಿ ಭಾಗವನ್ನು ನಾಲ್ಕು ಹೋಳು ಮಾಡಿ, ಸ್ಪಿರಿಟ್ಟು, ಬ್ಲೀಚಿನಲ್ಲಿ ತೊಳೆದು ಬಾಟಲಿಗೆ ಇಡ್ತಿದ್ದೆವು. ಬಾಟಲಿಯಲ್ಲಿ ಲವಣ, ಸಕ್ಕರೆ, ಗಟ್ಟಿಯಾಗೋಕೆ ಅಗರ್, ಚಿಗುರೊಡೆಸೋಕೆ ಚೂರು ಬಿಎಪಿ ಅನ್ನೋ ಹಾರ್ಮೋನು. ನನ್ನ ಮೊದಲ 40 ಬಾಟಲಿಗಳಲ್ಲಿ ಉಳಿದದ್ದು ಒಂಬತ್ತು. ಕೆಲವಕ್ಕೆ ಮೂರೇ ದಿನಕ್ಕೆ ಹತ್ತಿಯಂಥ ಬೂಷ್ಟು. ಹಾಳಾದ ಮಿಕ್ಕವು ವಾರವಿಡೀ ಚೆನ್ನಾಗಿದ್ದು, ಆಮೇಲೆ ಬುಡದ ಸುತ್ತ ಹಾಲಿನಂಥ ಲೋಳೆ ಬಿಟ್ಟವು. ಮಣ್ಣಲ್ಲಿ ಬೆಳೆದ ಗಡ್ಡೆ ಅಲ್ವಾ, ಬ್ಯಾಕ್ಟೀರಿಯಾ ಒಳಗೇ ಕೂತಿರುತ್ತೆ. ಹೊರಗೆ ಎಷ್ಟು ತೊಳೆದರೇನು? ಕೊನೆಗೆ ಗಡ್ಡೆ ಬಿಟ್ಟು, ಇನ್ನೂ ಪೊರೆ ಒಡೆಯದ ಹೂಗೊಂಚಲು ತಗೊಂಡೆವು. ಪೊರೆಯೊಳಗಿನ ಮೊಗ್ಗು ಹೆಚ್ಚುಕಮ್ಮಿ ಶುದ್ಧವಾಗಿರುತ್ತದೆ. ಕೆಲಸ ಆಗಲೇ ಹಳಿಗೆ ಬಂದದ್ದು.

ಹಾಗಾದರೆ ಇದು ಯಾರಿಗೆ ಬೇಕು? ತಳಿ ಮಾಡುವವರಿಗೆ. 1925ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಈರುಳ್ಳಿ ತಳಿ ವಿಜ್ಞಾನಿ ಹೆನ್ರಿ ಜೋನ್ಸ್ ಅವರಿಗೆ ಪರಾಗವೇ ಬಿಡದ ಒಂದು ಈರುಳ್ಳಿ ಗಿಡ ಸಿಕ್ಕಿತು. ಅದರ ಹೂಗೊಂಚಲಲ್ಲಿ ಪುಟ್ಟ ಪುಟ್ಟ ಮರಿಗಡ್ಡೆ ಮೂಡಿದ್ದರಿಂದ ಅದನ್ನು ಉಳಿಸಿಕೊಂಡರು. ತನ್ನದೇ ಪರಾಗ ಇಲ್ಲದ ಗಿಡಕ್ಕೆ ಬೇರೆ ತಳಿಯ ಪರಾಗ ಕೊಟ್ಟು ಹೈಬ್ರಿಡ್ ಬೀಜ ಮಾಡೋದು ಸುಲಭ. ಹೈಬ್ರಿಡ್ ಈರುಳ್ಳಿ ಶುರುವಾದದ್ದೇ ಅಲ್ಲಿಂದ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್ ಈರುಳ್ಳಿಗಳಾದ ಅರ್ಕಾ ಕೀರ್ತಿಮಾನ್, ಅರ್ಕಾ ಲಾಲಿಮಾ ಹಿಂದೆಯೂ ಇಂಥ ಪರಾಗವಿಲ್ಲದ ತಾಯಿ ಸಾಲು ಇದೆ. ಅಂಥ ಒಂದೇ ಒಂದು ಗಿಡ ಸಿಕ್ಕಾಗ, ಆ ಮರಿಗಡ್ಡೆಗಳು ಮಾಡಿದ ಕೆಲಸವನ್ನು ಈಗ ಬಾಟಲಿ ಮಾಡುತ್ತೆ.

ಇನ್ನೊಂದು ಉಪಯೋಗ ನನಗೆ ಇದಕ್ಕಿಂತ ಇಷ್ಟ. ಅರಳದ ಮೊಗ್ಗುಗಳನ್ನು ಜಾಸ್ತಿ ಸಕ್ಕರೆಯ ಮಾಧ್ಯಮದಲ್ಲಿ ತಿಂಗಳುಗಟ್ಟಲೆ ಇಟ್ಟರೆ, ಕೆಲವದರಲ್ಲಿ ಗಂಡಿನ ಪಾಲೇ ಇಲ್ಲದೆ ಸಸಿ ಹುಟ್ಟುತ್ತದೆ. 16 ಇರಬೇಕಾದ ಕ್ರೋಮೋಸೋಮ್ ಅದರಲ್ಲಿ 8 ಮಾತ್ರ. ಕೋಲ್ಚಿಸಿನ್ ಅನ್ನೋ ರಾಸಾಯನಿಕ ಹಾಕಿ ಅದನ್ನು ದುಪ್ಪಟ್ಟು ಮಾಡಿದರೆ ಒಂದೇ ಏಟಿಗೆ ಶುದ್ಧ ಸಾಲು, ಅಂದರೆ ಬೀಜ ಹಾಕಿದರೆ ಎಲ್ಲ ಒಂದೇ ಥರ ಬರುವ ತಳಿ. ಹೊಲದಲ್ಲಾದರೆ ಗಡ್ಡೆಗೆ ಒಂದು ಬೆಳೆ, ಅದನ್ನೇ ಮತ್ತೆ ನೆಟ್ಟು ಬೀಜಕ್ಕೆ ಇನ್ನೊಂದು ಬೆಳೆ. ಹೀಗೆ ಎಷ್ಟೋ ಪೀಳಿಗೆ ಕಾಯಬೇಕು.

ಲ್ಯಾಬ್ ಹಾಕೋದು ನಿಮಗೆ ಖಾತ್ರಿಯಾಗಿದ್ದರೆ ಖರ್ಚು ಬಾಳೆಯಿಂದಲೇ ಹುಟ್ಟಲಿ. ಕಲಿಯೋಕೆ ಅಂತ ನಾಲ್ಕು ಬಾಟಲಿ ಈರುಳ್ಳಿ ಇಡಿ. ಬೀಜದಿಂದಲೇ ಶುರು ಮಾಡಿ, ಗಡ್ಡೆ ಸಹವಾಸ ಬೇಡ.