ಅಕೌಂಟ್ಸ್ ಕೆಲಸಕ್ಕೆ ಬಂದವರು ಒಟ್ಟೊಟ್ಟಿಗೆ ಬೀಳುವ ಕೆಲಸ ನಿಭಾಯಿಸುತ್ತಾರೆಯೇ ಎಂದು ತಿಳಿಯಲು ಸಂದರ್ಶನದಲ್ಲಿ ಏನು ಕೇಳಬೇಕು?

ನಮ್ಮದು ತೆರಿಗೆ ಸಲಹೆಯ ಸಣ್ಣ ಆಫೀಸು. "ಕೆಲಸ ಜಾಸ್ತಿಯಾದರೆ ಯಾವುದನ್ನು ಮೊದಲು ಮಾಡುತ್ತೀರಿ?" ಎಂದು ನಾನೂ ಬಂದವರನ್ನೆಲ್ಲ ಕೇಳುತ್ತಿದ್ದೆ. ಒಬ್ಬ ಹುಡುಗ ತುರ್ತು, ಮುಖ್ಯ ಎಂದು ನಾಲ್ಕು ಚೌಕ ಬರೆದು ಚೆನ್ನಾಗಿ ವಿವರಿಸಿದ, ತೆಗೆದುಕೊಂಡೆ. ಸೇರಿದ ಮೂರನೇ ತಿಂಗಳ 11ನೇ ತಾರೀಖು, ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ (ಕೈಯಲ್ಲಿರುವ ಸರಕಿನ ಲೆಕ್ಕ) ಬೇಕೆಂದು ನಾಲ್ಕು ಸಲ ಫೋನ್ ಮಾಡಿದವರ ಕೆಲಸ ಮುಗಿಸಿ ಮನೆಗೆ ಹೋದ. ಅವನ ಡೈರಿಯಲ್ಲಿ ಇನ್ನೊಬ್ಬ ವ್ಯಾಪಾರಿಯ ಹೆಸರಿನ ಮುಂದೆ "ಜಿಎಸ್‌ಟಿಆರ್-1, ನಾಳೆ" ಎಂದು ಪೆನ್ಸಿಲಿನಲ್ಲಿ ಬರೆದಿತ್ತು.

ಜಿಎಸ್‌ಟಿಆರ್-1 ಎಂದರೆ ವ್ಯಾಪಾರಿ ತನ್ನ ಮಾರಾಟದ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿ ರಿಟರ್ನ್. ಪ್ರತಿ ತಿಂಗಳು ಸಲ್ಲಿಸುವವರಿಗೆ ಅದರ ಕಡೆಯ ದಿನ 11. ಒಂದು ದಿನ ತಡವಾದರೂ ಆ ಬಿಲ್ಲುಗಳು 14ಕ್ಕೆ ತಯಾರಾಗುವ, ಕೊಂಡವರ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಬರುವುದಿಲ್ಲ, ಮುಂದಿನ ತಿಂಗಳಿಗೆ ಹೋಗುತ್ತವೆ. ಮಾಲು ಕೊಂಡವರಿಗೆ ಆ ತಿಂಗಳ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗದೆ, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ ಸಲ್ಲಿಸುವಾಗ ಅಷ್ಟು ಹಣ ಕೈಯಿಂದ ಹಾಕಬೇಕಾಯಿತು. ಅವರು ನಮ್ಮ ವ್ಯಾಪಾರಿಗೆ ಕೊಡಬೇಕಾದ ಹಣದಲ್ಲಿ ತೆರಿಗೆಯಷ್ಟನ್ನು ತಡೆಹಿಡಿದರು.

ತಪ್ಪು ನನ್ನದು. ಮೊದಲು ಏನು ಮಾಡುತ್ತೀರಿ ಎಂದು ಕೇಳಿದ್ದೆನೇ ಹೊರತು, ಇವತ್ತು ಯಾವುದನ್ನು ಬಿಡುತ್ತೀರಿ, ಬಿಟ್ಟದ್ದನ್ನು ಯಾರಿಗೆ, ಎಷ್ಟು ಗಂಟೆಗೆ ಹೇಳುತ್ತೀರಿ ಎಂದು ಕೇಳಿರಲಿಲ್ಲ. ಅವನು ಮಧ್ಯಾಹ್ನ ಮೂರಕ್ಕೆ ಬಂದು "ಇದು ಇವತ್ತು ಆಗಲ್ಲ ಸರ್" ಎಂದಿದ್ದರೆ ನಾನೇ ಕೂತು ಅಪ್‌ಲೋಡ್ ಮಾಡುತ್ತಿದ್ದೆ. ಕೆಲಸ ಉಳಿದದ್ದರಿಂದ ಅಲ್ಲ, ಉಳಿದದ್ದು ಯಾರಿಗೂ ಗೊತ್ತಾಗದೆ ಹೋದದ್ದರಿಂದ ನಷ್ಟವಾಯಿತು. ಆದ್ದರಿಂದ ಒಳ್ಳೆಯ ಪ್ರಶ್ನೆ ಹುಡುಕುವುದನ್ನು ಬಿಡಿ. ಬಾಯಿಮಾತಿನಲ್ಲಿ ಇದು ತಿಳಿಯುವುದಿಲ್ಲ, ಕೆಲಸವನ್ನೇ ಮುಂದಿಡಿ.

ಐದು ಚೀಟಿ ಬರೆಯಿರಿ. ಹೆಸರು, ಅಂಕಿಗಳೆಲ್ಲ ಕಲ್ಪಿತವಾಗಿರಲಿ, ಬಂದವರಿಂದ ಪುಕ್ಕಟೆ ಕೆಲಸ ಮಾಡಿಸಬಾರದು. ಮೇಲೆ "11ನೇ ತಾರೀಖು, ಬೆಳಿಗ್ಗೆ 10, ಕೈಯಲ್ಲಿ 8 ಗಂಟೆ" ಎಂದಿರಲಿ. 140 ಬಿಲ್ಲಿನ ಜಿಎಸ್‌ಟಿಆರ್-1ಕ್ಕೆ 4 ಗಂಟೆ, ಸಂಜೆಯೊಳಗೆ ಬೇಕೆಂದು ಕೂಗಾಡುವವರ ಸ್ಟಾಕ್ ಸ್ಟೇಟ್‌ಮೆಂಟಿಗೆ ಎರಡೂವರೆ, 7ಕ್ಕೇ ಕಟ್ಟಬೇಕಿದ್ದ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ) ಚಲನ್ನಿಗೆ ಅರ್ಧ, 15ರ ಪಿಎಫ್ ಚಲನ್ನಿಗೆ ಒಂದೂವರೆ, ಉತ್ತರಿಸಲು ಐದು ದಿನ ಬಾಕಿಯಿರುವ ನೋಟಿಸಿಗೆ ಎರಡೂವರೆ. ಒಟ್ಟು 11 ಗಂಟೆ. ಎಲ್ಲವೂ ದಿನದೊಳಗೆ ಹಿಡಿಯುವಂತಿದ್ದರೆ ಈ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

ಅರ್ಧ ಗಂಟೆ ಕೊಟ್ಟು ದಿನದ ಯೋಜನೆ ಬರೆಸಿ. ಹೆಚ್ಚಿನವರು ಟಿಡಿಎಸ್‌ಗೆ ಮೊದಲು ಕೈ ಹಾಕುತ್ತಾರೆ, ತಾರೀಖು ದಾಟಿದೆಯಲ್ಲ. ಆದರೆ ಕಡಿತ ಮಾಡಿ ಕಟ್ಟದ ಟಿಡಿಎಸ್‌ಗೆ ಬಡ್ಡಿ ತಿಂಗಳಿಗೆ 1.5 ಶೇಕಡಾ, ತಿಂಗಳ ಭಾಗವೂ ಪೂರ್ತಿ ತಿಂಗಳೆಂದೇ ಲೆಕ್ಕ. ಅಂದರೆ 11ಕ್ಕೆ ಕಟ್ಟಿದರೂ 12ಕ್ಕೆ ಕಟ್ಟಿದರೂ ಬಡ್ಡಿ ಅಷ್ಟೇ. ಜಿಎಸ್‌ಟಿಆರ್-1 ಹಾಗಲ್ಲ. ತಾರೀಖು ನೋಡುವವರು ಯಾರು, ತಡವಾದರೆ ಏನಾಗುತ್ತದೆ ಎಂದು ನೋಡುವವರು ಯಾರು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಹದಿನೈದನೇ ನಿಮಿಷಕ್ಕೆ ಆರನೇ ಚೀಟಿ ಕೊಡಿ: "140ರಲ್ಲಿ 25 ಬಿಲ್ಲು ಸಂಜೆ 4ಕ್ಕೆ ಬರುತ್ತವೆ." ಬರೆದದ್ದನ್ನು ಹೊಡೆದು ಮತ್ತೆ ಬರೆಯುತ್ತಾರಾ ನೋಡಿ. ಒಳ್ಳೆಯವರು ಕೈಯಲ್ಲಿರುವ 115 ಬಿಲ್ಲು ಈಗಲೇ ಮುಗಿಸಿ, 4ರಿಂದ 6 ಖಾಲಿ ಇಟ್ಟುಕೊಂಡು, "ಬಾರದಿದ್ದರೆ ಇದ್ದಷ್ಟನ್ನೇ ಸಲ್ಲಿಸಲೇ?" ಎಂದು ಕೇಳುತ್ತಾರೆ. ಆ ಕೇಳುವಿಕೆಗೇ ನಾನು ಹತ್ತರಲ್ಲಿ ಮೂರು ಅಂಕ ಕೊಡುತ್ತೇನೆ. ಬಿಟ್ಟ ಕೆಲಸವನ್ನು ಹೆಸರು ಹಿಡಿದು ಬರೆದದ್ದಕ್ಕೆ ಮೂರು, ಯಾರಿಗೆ, ಯಾವಾಗ ತಿಳಿಸುವುದೆಂದು ಬರೆದದ್ದಕ್ಕೆ ಎರಡು. ಕೆಲಸಗಳ ಕ್ರಮಕ್ಕೆ ಉಳಿದ ಎರಡೇ.

ಹಳೆಯ ಆಫೀಸಿಗೆ ಫೋನ್ ಮಾಡುವಾಗಲೂ "ಹುಡುಗ ಹೇಗೆ?" ಎನ್ನಬೇಡಿ, ಎಲ್ಲರೂ ಒಳ್ಳೆಯವನೆಂದೇ ಹೇಳುತ್ತಾರೆ. "5ರಿಂದ 11ರವರೆಗೆ ಅವನ ಮೇಜಿನ ಮೇಲಿದ್ದದ್ದು ನಿಮಗೆ ಗೊತ್ತಿರುತ್ತಿತ್ತಾ?" ಎಂದು ಕೇಳಿ.

ಇದಕ್ಕೂ ಮೊದಲು ನಿಮ್ಮಲ್ಲಿ ಒಬ್ಬರ ತಲೆಗೆ ಎಷ್ಟು ಫೈಲು ಎಂದು ಎಣಿಸಿ. 11ರೊಳಗೆ ಮುಗಿಸಬೇಕಾದ ಗಂಟೆಗಳು ಅವರ ಕೈಯಲ್ಲಿರುವ ಗಂಟೆಗಳ ಎರಡರಷ್ಟಿದ್ದರೆ ಎಂಥವರನ್ನು ತಂದರೂ ಬಿಟ್ಟುಹೋಗುತ್ತಾರೆ. ಅಲ್ಲಿ ಬೇಕಿರುವುದು ಇನ್ನೊಬ್ಬರು, ಹೊಸ ಪರೀಕ್ಷೆಯಲ್ಲ.

ಬಿಕಾಂ ಮುಗಿಸಿ ನೇರ ಬಂದವರಾದರೆ ಕಡೆಯ ದಿನಗಳು ಮತ್ತು ಬಡ್ಡಿ ದರದ ಹಾಳೆಯನ್ನು ಚೀಟಿಗಳ ಜೊತೆಗೇ ಕೊಡಿ. ಅವರಿಗೆ ತಾರೀಖು ಬಾಯಿಪಾಠ ಇದೆಯೇ ಎನ್ನುವುದು ಇಲ್ಲಿ ಬೇಕಿಲ್ಲ.