ಹಳೆ ಮನೆ ಕೆಡವಿ ಕಟ್ಟುವಾಗ ಹಿತ್ತಲಿನ ನೇರಳೆ ಮರ ಉಳಿಸುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ತಾತನ ಕಾಲದ ಹಂಚಿನ ಮನೆ ಕೆಡವಿ ಮೂರು ಮಹಡಿ ಕಟ್ಟಿಸುತ್ತಿದ್ದೀರಿ. ಹಿತ್ತಲಿನ ದೊಡ್ಡ ನೇರಳೆ ಮರ ಉಳಿಯಬೇಕು. ಕಂಟ್ರಾಕ್ಟರ್ "ಮರ ಮುಟ್ಟಲ್ಲ ಬಿಡಿ" ಅಂದಿದ್ದಾರೆ, ಅಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನು ಇದೇ ಊರಿನಲ್ಲಿ ಸಿವಿಲ್ ಕೆಲಸ ಮಾಡಿಸುವವನು. ಕೊಡಲಿ ತಾಗದೆಯೇ ಸತ್ತ ಮರಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮರಕ್ಕೆ ಪೆಟ್ಟು ಬೀಳುವುದು ಬೇರಿನ ಕಡೆಯಿಂದ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಯ ನೆರಳು ದಾಟಿ ಆಚೆಗೂ ಹರಡಿರುತ್ತವೆ. ಅದರ ಮೇಲೆ ಲಾರಿ ಓಡಾಡಿದರೆ ಮಣ್ಣು ಗಟ್ಟಿಯಾಗಿ ಗಾಳಿ, ನೀರು ಇಳಿಯುವುದಿಲ್ಲ. ಗೃಹಪ್ರವೇಶದ ದಿನ ಮರ ಹಸಿರಾಗಿಯೇ ಕಾಣುತ್ತೆ. ಒಂದೆರಡು ಮಳೆಗಾಲ ಕಳೆದ ಮೇಲೆ ತುದಿ ಕೊಂಬೆ ಒಣಗಲು ಶುರುವಾಗುತ್ತೆ. ಆಗ ಎಲ್ಲರೂ "ಮರಕ್ಕೆ ವಯಸ್ಸಾಯ್ತು" ಅಂತಾರೆ.

ಸೈಟಿನಲ್ಲಿ ತಂಪು ಜಾಗ ಅಂದರೆ ಮರದ ಬುಡವೇ ಅಲ್ವಾ? ಸಿಮೆಂಟ್ ಮೂಟೆ, ಎಂ-ಸ್ಯಾಂಡ್, ಜಲ್ಲಿ ಎಲ್ಲ ಅಲ್ಲಿಗೇ ಬರುತ್ತೆ. ಸಂಜೆ ಬಾಂಡ್ಲಿ, ಕರಣೆ, ಮಿಕ್ಸರ್ ತೊಳೆದ ಬೂದು ನೀರೂ ಅಲ್ಲಿಗೇ ಹೋಗುತ್ತೆ. ಸಿಮೆಂಟ್ ನೀರು ಸುಣ್ಣದಷ್ಟೇ ಕ್ಷಾರ. ದಿನಾ ಇಂಗಿದರೆ ಮಣ್ಣೇ ಕೆಡುತ್ತೆ.

ಆದ್ದರಿಂದ ಹಳೆ ಮನೆಯ ಒಂದು ಹಂಚು ಇಳಿಸುವ ಮೊದಲೇ ಮರದ ಸುತ್ತ ಬೇಲಿ ಹಾಕಿಸಿ. ಎಷ್ಟು ದೂರ? ಬ್ರಿಟನ್ನಿನ ಕಟ್ಟಡ ಕೆಲಸದ ಮಾನದಂಡ ಬಿಎಸ್ 5837ರಲ್ಲಿ ಒಂದು ಸುಲಭ ಲೆಕ್ಕ ಇದೆ: ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ದಪ್ಪ (ಸುತ್ತಳತೆ ಅಲ್ಲ, ವ್ಯಾಸ) ಎಷ್ಟೋ, ಅದರ 12 ಪಟ್ಟು ದೂರದವರೆಗೆ ಬೇರಿನ ಜಾಗ. ಟೇಪಿನಲ್ಲಿ ಸುತ್ತಳತೆ ಆರು ಅಡಿ ಬಂದರೆ ಸುಮಾರು 23 ಅಡಿ ಆಯಿತು. 40–60 ಸೈಟಿನಲ್ಲಿ ಅಷ್ಟು ಪೂರ್ತಿ ಬಿಡಲು ಆಗುವುದಿಲ್ಲ, ಗೊತ್ತು. ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆ ಜಾಸ್ತಿ ಬಿಡಿ. ಸರ್ವೆ ಮರದ ಕಂಬ ನೆಟ್ಟು ಹಳೆ ತಗಡು ಹೊಡೆದರೆ ಸಾಕು. ರಿಬ್ಬನ್ ಕಟ್ಟಿದರೆ ಎರಡೇ ದಿನ ಉಳಿಯುತ್ತೆ.

ಪ್ಲಾನ್‌ನಲ್ಲಿ ನಾನು ಮೊದಲು ನೋಡುವುದು ಸಂಪ್, ಶೌಚಾಲಯದ ಪಿಟ್ ಮತ್ತು ಕಾಂಪೌಂಡ್. ಮನೆಯ ಕಾಲಮ್‌ಗಿಂತ ಇವೇ ಜಾಸ್ತಿ ಬೇರು ತಿನ್ನುತ್ತವೆ, ಆದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಸಂಪ್, ಪಿಟ್ ಎರಡನ್ನೂ ಮರದಿಂದ ದೂರದ ಎದುರು ಮೂಲೆಗೆ ಹಾಕಿಸಿ. ಕಾಂಪೌಂಡಿಗೆ ಉದ್ದಕ್ಕೂ ಚರಂಡಿ ತೆಗೆದು ಸೈಜು ಕಲ್ಲಿನ ಪಾಯ ಹಾಕಿದರೆ ಆ ಕಡೆಯ ಬೇರೆಲ್ಲ ಹೋಯಿತು. ಮರದ ಹತ್ತಿರ ಮಾತ್ರ ದೂರ ದೂರಕ್ಕೆ ಗುಂಡಿ ತೆಗೆದು ಕಂಬ ನಿಲ್ಲಿಸಿ, ನೆಲಕ್ಕಿಂತ ಮೇಲೆ ಬೀಮ್ ಹಾಯಿಸಿ, ಅದರ ಮೇಲೆ ಗೋಡೆ ಕಟ್ಟಬಹುದು. ಗುಂಡಿಯನ್ನು ಕೈಯಲ್ಲೇ ತೆಗೆಸಿ. ಜೆಸಿಬಿ ಹಲ್ಲಿಗೆ ಸಿಕ್ಕ ಬೇರು ನೇರ ತುಂಡಾಗುವುದಿಲ್ಲ, ಬುಡದ ಕಡೆಗೆ ಸಿಪ್ಪೆ ಸಮೇತ ಸೀಳಿಕೊಂಡು ಹೋಗುತ್ತೆ, ಅಲ್ಲಿಂದ ಕೊಳೆತ ಶುರು. ಕತ್ತರಿಸಲೇಬೇಕಾದ ಸಣ್ಣ ಬೇರನ್ನು ಗರಗಸದಲ್ಲಿ ಕುಯ್ದು ಬೇಗ ಮಣ್ಣು ಮುಚ್ಚಿಸಿ. ಕೈ ದಪ್ಪದ ಬೇರು ಸಿಕ್ಕರೆ ಗುಂಡಿಯನ್ನೇ ಸರಿಸಿ.

ರಸ್ತೆ ಎತ್ತರವಾಗಿದೆ ಅಂತ ಹಿತ್ತಲಿಗೆ ಹಳೆ ಗೋಡೆಯ ಮಣ್ಣು ತುಂಬಿಸುತ್ತಾರೆ. ಬುಡದ ಸುತ್ತ ಅದು ಬೇಡವೇ ಬೇಡ, ಬೇರು ಉಸಿರು ಕಟ್ಟುತ್ತೆ.

ಸೆಂಟ್ರಿಂಗಿಗೆ ಅಡ್ಡ ಬರುವ ಕೊಂಬೆ ತೆಗೆಯಲು ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮಾಡುವವರನ್ನು ಕರೆಸಿ. ನಮ್ಮ ಜಿಲ್ಲೆಯಲ್ಲಿ ಅಂಥ ಕೈ ಇರುವುದು ದೊಡ್ಡ ಭಾಗ್ಯ. ಆದರೆ ಕಾಫಿಗೆ ಬಿಸಿಲು ಬಿಡುವ ಹಾಗೆ ಬೋಳಿಸಬೇಡಿ ಅಂತ ಮೊದಲೇ ಹೇಳಿ. "ಬೇರು ಹೋಗಿದೆ, ಮೇಲೂ ಇಳಿಸಿ" ಅನ್ನುವ ಮಾತು ಕೇಳಬೇಡಿ. ಬೇರು ಮತ್ತೆ ಬೆಳೆಯಲು ಎಲೆಯೇ ಬೇಕು.

ಕಾನೂನಿನ ವಿಷಯ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಿಲ್ವರ್ ಓಕ್, ನೀಲಗಿರಿ, ತೆಂಗಿನಂಥ ಕೆಲವು ಜಾತಿ ಬಿಟ್ಟರೆ ಸ್ವಂತ ಜಾಗದ ಮರ ಕಡಿಯಲೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಂಟ್ರಾಕ್ಟರಿಗೆ ಇದು ಗೊತ್ತಿರಲಿ. ಅದಕ್ಕಿಂತ ಜಾಸ್ತಿ ಕೆಲಸ ಮಾಡುವುದು ನಿಮ್ಮ ಅಗ್ರಿಮೆಂಟು. ಬೇಲಿ, ಸಾಮಾನು ಇಡುವ ಜಾಗ, ತೊಳೆಯುವ ಜಾಗ ಮೂರನ್ನೂ ಅದರಲ್ಲಿ ಬರೆಸಿ, ಕೊನೆ ಕಂತಿನಲ್ಲಿ ಸ್ವಲ್ಪ ದುಡ್ಡು ಮರದ ಹೆಸರಿನಲ್ಲಿ ಹಿಡಿದಿಡಿ. ಕೆಲಸ ಮುಗಿದ ಮೇಲೂ ಎರಡು ಮೂರು ಬೇಸಿಗೆ ವಾರಕ್ಕೊಮ್ಮೆ ಬೇರಿನ ಜಾಗ ಪೂರ್ತಿ ನೆನೆಯುವಷ್ಟು ನೀರು ಬಿಡಿ, ತರಗೆಲೆ ಹರಡಿ.

ಕಾಂಡದ ಸುತ್ತಳತೆ, ಮರದಿಂದ ಹತ್ತಿರದ ಕಾಲಮ್‌ಗೆ ಎಷ್ಟು ಅಡಿ ಅಂತ ಇಲ್ಲೇ ಬರೆಯಿರಿ. ಯಾವ ಗುಂಡಿ ಸರಿಸಬೇಕು ಅಂತ ನೋಡಿ ಹೇಳುತ್ತೇನೆ.