ಬ್ಯಾಂಡ್ ಸಾ ಕೊಳ್ಳುವ ಮೊದಲು ಯಾವ ಮರ ಕೊಯ್ಯುತ್ತೀರಿ ಹೇಳಿ

ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಪ್ರತಿ ವರ್ಷ ನನಗೆ ಇದೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಈ ಸಲ ಎಲ್ಲರಿಗೂ ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಂಡ್ ಸಾ, ಅಂದರೆ ಎರಡು ಚಕ್ರಗಳ ಸುತ್ತ ಓಡುವ ಹಲ್ಲಿನ ಪಟ್ಟಿಯಿಂದ ಕೊಯ್ಯುವ ಮಷೀನು, ಹೇಗೆ ಕೆಲಸ ಮಾಡುತ್ತದೆ ಅನ್ನುವಲ್ಲಿಂದ ಶುರು ಮಾಡುವುದಿಲ್ಲ. ಅದು ಗೊತ್ತಿಲ್ಲದಿದ್ದರೆ ಮೊದಲು ನಿಮ್ಮೂರಿನ ಆಚಾರ್ರ ಕೊಟ್ಟಿಗೆಯಲ್ಲಿ ಅರ್ಧ ದಿನ ನಿಂತು ನೋಡಿ ಬನ್ನಿ.

ಪ್ರಶ್ನೆ: ಸರ್, ಮನೆ ಹಿಂದಿನ ಕೊಟ್ಟಿಗೆಯಲ್ಲಿ ಸಣ್ಣ ವರ್ಕ್‌ಶಾಪ್ ಮಾಡಿಕೊಂಡಿದ್ದೇನೆ. ಬಜೆಟ್ 25 ಸಾವಿರ. ಯಾವ ಕಂಪನಿಯ ಬ್ಯಾಂಡ್ ಸಾ ಒಳ್ಳೆಯದು? 8 ಇಂಚಿನದು ಸಾಕಾ, 10 ಇಂಚಿನದು ಬೇಕಾ?
– ಓದುಗರು, ತೀರ್ಥಹಳ್ಳಿ

ಕಂಪನಿ ಕೇಳಿದ್ದೀರಿ, ಬಜೆಟ್ ಹೇಳಿದ್ದೀರಿ. ಯಾವ ಮರ, ಎಷ್ಟು ದಪ್ಪ ಅನ್ನುವುದನ್ನು ಮಾತ್ರ ಬರೆದಿಲ್ಲ. ನನಗೆ ಬರುವ ಹತ್ತರಲ್ಲಿ ಒಂಬತ್ತು ಪತ್ರ ಹೀಗೇ ಇರುತ್ತವೆ. ಈ ದರದ ಮಷೀನುಗಳಲ್ಲಿ ಬಹಳಷ್ಟರ ಬಣ್ಣ ಬೇರೆ, ಸ್ಟಿಕ್ಕರ್ ಬೇರೆ, ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ಹೆಸರು ಕೇಳಿ ಏನೂ ಪ್ರಯೋಜನವಿಲ್ಲ.

8 ಇಂಚು ಅಂದರೆ ಚಕ್ರದ ವ್ಯಾಸ. 8 ಇಂಚು ದಪ್ಪದ ಮರ ಕೊಯ್ಯುತ್ತದೆ ಅಂತ ತಿಳಿದು ಕೊಂಡವರನ್ನು ನೋಡಿದ್ದೇನೆ, ಪಾಪ. ಅಂಥ ಮಷೀನಿನಲ್ಲಿ ಟೇಬಲ್ಲಿನ ಮೇಲೆ ಸಿಗುವ ಎತ್ತರ ಸಾಮಾನ್ಯವಾಗಿ 80 ಮಿ.ಮೀ., ಅಂದರೆ ಮೂರು ಇಂಚು ಚಿಲ್ಲರೆ. ಮೋಟಾರು 250ರಿಂದ 350 ವ್ಯಾಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅದರ ಅರ್ಧಕ್ಕೂ ಕಡಿಮೆ ಬಲದಲ್ಲಿ ಮೂರು ಇಂಚಿನ ಹಲಸು ಸೀಳಲು ಹೊರಟರೆ ಮೋಟಾರು ಉಳಿಯುತ್ತದಾ?

ನೀವು ಮಾಡುವುದು ಆಟಿಕೆ, ಫೋಟೊ ಫ್ರೇಮು, ಬಳುಕಿನ ಕೆಲಸ (ಬಾಗಿದ ಗೆರೆಯಲ್ಲಿ ಕೊಯ್ಯುವುದು), ಎರಡು ಇಂಚಿನೊಳಗಿನ ಸಿಲ್ವರ್ ಓಕ್ ಅಂತಾದರೆ 8 ಇಂಚಿನದೇ ಸಾಕು. ಸ್ಟೂಲು, ಸಣ್ಣ ಮೇಜು, ಆಗೊಮ್ಮೆ ಈಗೊಮ್ಮೆ ನಾಲ್ಕು ಇಂಚಿನ ಹಲಗೆ ಸೀಳುವುದು ಇದ್ದರೆ 10 ಇಂಚಿನದು ತಗೊಳ್ಳಿ. ದಿನಾ ಆರು ಇಂಚಿನ ಅಕೇಶಿಯಾ ಸೀಳಬೇಕು ಅಂದರೆ ಈಗ ಏನೂ ಕೊಳ್ಳಬೇಡಿ. ಇನ್ನೊಂದು ವರ್ಷ ದುಡ್ಡು ಕೂಡಿಸಿ, ಎರಕದ ಕಬ್ಬಿಣದ ಚೌಕಟ್ಟಿನ, ಒಂದು ಎಚ್‌ಪಿ ಮೋಟಾರಿನ 14 ಇಂಚಿನದನ್ನು ಸೆಕೆಂಡ್ ಹ್ಯಾಂಡ್ ಹುಡುಕಿ. ನಡುವೆ ಆಸೆಗೆ ಬಿದ್ದು ಸಣ್ಣದು ತಂದರೆ ಅಷ್ಟೂ ದುಡ್ಡು ನೀರಲ್ಲಿ ಹೋಮ.

ಅಂಗಡಿಗೆ ಹೋದಾಗ ಬಣ್ಣ ಬಿಟ್ಟು ಮೋಟಾರಿನ ಮೇಲೆ ವಿವರ ಬರೆದ ತಗಡು ಓದಿ. ಎಸ್1 ಅಂತ ಇದ್ದರೆ ಎಡೆಬಿಡದೆ ಓಡಿಸಬಹುದು. ಎಸ್2 30 ನಿಮಿಷ ಅಂತ ಇದ್ದರೆ ಅರ್ಧ ಗಂಟೆ ಓಡಿಸಿ ತಣಿಯಲು ಬಿಡಬೇಕು. ಎಸ್6 40% ಅಂದರೆ ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಮಾತ್ರ ಮರ ಕೊಯ್ಯಬಹುದು. ಮಾರುವವರು ಇದನ್ನು ತಾವಾಗಿ ಹೇಳುವುದಿಲ್ಲ. ಆಮೇಲೆ ಪ್ಲಗ್ ತೆಗೆಸಿ, ಬಾಗಿಲು ತೆರೆಸಿ, ಮೇಲಿನ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಒಂದು ಪೆನ್ಸಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದು ತುದಿಯನ್ನು ಚಕ್ರದ ಅಂಚಿನ ಹತ್ತಿರ ಇಡಿ. ಒಂದು ಸುತ್ತು ಬರುವಷ್ಟರಲ್ಲಿ ಸಂದು ಹಿಗ್ಗಿ ಕುಗ್ಗಿದರೆ ಚಕ್ರ ಸೊಟ್ಟ. ಆ ಮಷೀನು ಬೇಡ. ಬ್ಲೇಡು ಅತ್ತಿತ್ತ ಸರಿಯದಂತೆ ಹಿಡಿಯುವ ಭಾಗಕ್ಕೆ ಗೈಡು ಅನ್ನುತ್ತಾರೆ. ಅದರ ಕಂಬವನ್ನು ಪೂರ್ತಿ ಮೇಲೆತ್ತಿ, ಪೂರ್ತಿ ಇಳಿಸಿ. ಎರಡು ಕಡೆಯೂ ಗೈಡು ಬ್ಲೇಡಿನ ನೇರಕ್ಕೇ ನಿಲ್ಲಬೇಕು. ಟೇಬಲ್ಲಿನ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಅಡಿಯಿಂದ ಬೆಳಕು ಕಾಣುತ್ತದಾ ನೋಡಿ. ಇಷ್ಟಕ್ಕೆ ಬಿಡದ ಅಂಗಡಿಯಲ್ಲಿ ವ್ಯಾಪಾರ ಮಾಡಬೇಡಿ.

ಇನ್ನು ನಾನು ಮತ್ತೆ ಮತ್ತೆ ಹೇಳುವ ಮಾತು. 25 ಸಾವಿರ ಇದ್ದರೆ ಮಷೀನಿಗೆ 21 ಹಾಕಿ, ನಾಲ್ಕು ಸಾವಿರ ಬ್ಲೇಡಿಗೆ ಎತ್ತಿಡಿ. ಹೋದ ವರ್ಷ ರಿಪ್ಪನ್‌ಪೇಟೆ ಹತ್ತಿರ ಒಬ್ಬರ ಮನೆಗೆ ಹೋಗಿದ್ದೆ. ಆರು ತಿಂಗಳ ಹಿಂದೆ ಕೊಂಡ ಮಷೀನು ಮಾರಲು ಕೂತಿದ್ದರು. “ಇದು ನೆಟ್ಟಗೆ ಕೊಯ್ಯೋದೇ ಇಲ್ಲ ಮಾರಾಯ್ರೆ” ಅಂದರು. ಎರಡೂವರೆ ಇಂಚಿನ ಹಲಸಿನ ತುಂಡು ಕೊಟ್ಟು, ಕೊಯ್ದು ತೋರಿಸಿ ಅಂದೆ. ಬ್ಲೇಡು ಒಂದಿಂಚು ಒಳಗೆ ಹೋಗುವುದರಲ್ಲೇ ಬಲಕ್ಕೆ ಎಳೆಯಿತು. ಹಳದಿ ಮರದ ಮೈ ಕಂದಾಗಿ ಸುಟ್ಟ ವಾಸನೆ ಬಂತು. ಪ್ಲಗ್ ಕಿತ್ತು ಬ್ಲೇಡು ನೋಡಿದೆ. ಮಷೀನಿನ ಜೊತೆ ಬಂದದ್ದೇ ಅದು, ಇಂಚಿಗೆ 14 ಹಲ್ಲು. ಹಲ್ಲುಗಳ ಸಂದಿಯಲ್ಲಿ ಹಲಸಿನ ಪುಡಿ ಅಂಟಿ ಗಟ್ಟಿಯಾಗಿತ್ತು. ಪುಡಿ ಹೊರಗೆ ಹೋಗಲು ಜಾಗವೇ ಇಲ್ಲ ಅಂದಮೇಲೆ ಹಲ್ಲು ಕೊಯ್ಯುವುದು ಹೇಗೆ? ಸುಮ್ನೆ ಉಜ್ಜುತ್ತದೆ, ಕಾಯುತ್ತದೆ, ದಾರಿ ತಪ್ಪುತ್ತದೆ. ನನ್ನ ಚೀಲದಲ್ಲಿದ್ದ ಮೂರು ನೂಲು (ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು) ಅಗಲದ, ಇಂಚಿಗೆ 6 ಹಲ್ಲಿನ ಬ್ಲೇಡು ಹಾಕಿದೆ. ಪಕ್ಕದ ಗೈಡುಗಳನ್ನು ಒಂದು ನೋಟಿನಷ್ಟು ಸಂದು ಬಿಟ್ಟು, ಹಲ್ಲಿನ ಬುಡಕ್ಕಿಂತ ಸ್ವಲ್ಪ ಹಿಂದೆ ನಿಲ್ಲಿಸಿದೆ. ಮೂಲೆಮಟ್ಟ ಇಟ್ಟು ಟೇಬಲ್ಲು ಸರಿಮಾಡಿದೆ. ಅದೇ ತುಂಡು, ಅದೇ ಮೋಟಾರು. ಗೆರೆಯ ಮೇಲೇ ಹೋಯಿತು. ಅವರು ಮಷೀನು ಮಾರಲಿಲ್ಲ.

ಯಾವ ಹೊತ್ತಿನಲ್ಲೂ ಕನಿಷ್ಠ ಮೂರು ಹಲ್ಲು ಮರದೊಳಗೆ ಇರಬೇಕು. ಇದೊಂದು ಲೆಕ್ಕ ಸಾಕು. ಅರ್ಧ ಇಂಚಿನ ಹಲಗೆಗೆ ಇಂಚಿಗೆ 6 ಹಲ್ಲು, ದಪ್ಪ ಮರ ಸೀಳಲು 3 ಅಥವಾ 4. ಬಳುಕಿನ ಕೆಲಸಕ್ಕೆ ಎರಡು ನೂಲು ಅಗಲದ್ದು, ಅಂದರೆ ಕಾಲಿಂಚು. ಮೂರು ನೂಲಿಗಿಂತ ಅಗಲದ್ದನ್ನು 8 ಇಂಚಿನ ಮಷೀನು ಸರಿಯಾಗಿ ಬಿಗಿಯಲಾರದು. ತೇಗ ಕೊಯ್ಯುವವರು ಒಂದು ಬ್ಲೇಡು ಜಾಸ್ತಿಯೇ ಇಟ್ಟುಕೊಳ್ಳಿ. ಆ ಮರದಲ್ಲಿ ಮರಳಿನ ಅಂಶ ಇದೆ, ಹಲ್ಲು ಬೇಗ ಮೊಂಡಾಗುತ್ತದೆ.

ಕೊನೆಗೆ ಕರೆಂಟು. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ನಮ್ಮ ಕಡೆ ವೋಲ್ಟೇಜು 180ಕ್ಕೆ ಇಳಿಯುವುದು ಹೊಸದಲ್ಲ. ಇಂಡಕ್ಷನ್ ಮೋಟಾರಿನ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಉಳಿಯುವುದು ನೂರಕ್ಕೆ 61 ಪಾಲು. ಅದರ ಮೇಲೆ ಮನೆಯಿಂದ ಕೊಟ್ಟಿಗೆಗೆ ತೆಳು ವೈರು ಎಳೆದಿದ್ದರೆ ಮುಗಿದೇ ಹೋಯಿತು. 2.5 ಚದರ ಮಿ.ಮೀ. ತಾಮ್ರದ ವೈರು, ಅರ್ತಿಂಗ್, ಮಷೀನಿಗೆ ಸ್ವಂತ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು). ಇದರಲ್ಲಿ ಚೌಕಾಸಿ ಬೇಡ.

ಪ್ರಶ್ನೆ: ನಮ್ಮದೇ ತೋಟದ ಮರದ ದಿಮ್ಮಿಗಳನ್ನು ಮನೆಯಲ್ಲೇ ಬ್ಯಾಂಡ್ ಸಾ ಇಟ್ಟು ಕೊಯ್ದುಕೊಳ್ಳಬಹುದಾ?
– ಓದುಗರು, ಹೊಸನಗರ

ದಿಮ್ಮಿ ಕೊಯ್ಯುವುದು ಸಾಮಿಲ್ಲಿನ ಕೆಲಸ. ಅದಕ್ಕೆ ಅರಣ್ಯ ಇಲಾಖೆಯ ಲೈಸೆನ್ಸ್ ಬೇಕು. 1996ರ ಡಿಸೆಂಬರಿನಲ್ಲಿ, ಕಾಡು ಉಳಿಸುವ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಈ ವಿಷಯದಲ್ಲಿ ನಿಗಾ ಬಹಳ ಬಿಗಿಯಾಗಿದೆ. “ಸಣ್ಣ ಮಷೀನಿಗೆ ಯಾರೂ ಕೇಳಲ್ಲ” ಅನ್ನುವ ಏಜೆಂಟರ ಮಾತು ನಂಬಬೇಡಿ. ಕೇಳುವವರು ಬಂದ ದಿನ ಅವರು ನಿಮ್ಮ ಜೊತೆ ಇರುವುದಿಲ್ಲ. ಮಷೀನಿನ ಅಳತೆ, ಯಾವ ಕೆಲಸಕ್ಕೆ ಅನ್ನುವುದನ್ನು ಬಿಳಿ ಹಾಳೆಯಲ್ಲಿ ಬರೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆದು, ಅವರ ಉತ್ತರ ಕೈಗೆ ಬಂದ ಮೇಲೆ ಕೊಳ್ಳಿ. ಸಾಮಿಲ್ಲಿನಲ್ಲಿ ಕೊಯ್ಸಿದ ಹಲಗೆಯ ಬಿಲ್ಲುಗಳನ್ನೂ ಫೈಲು ಮಾಡಿಡಿ. ನನಗೆ ಇದರಲ್ಲಿ ಭಯ ಸ್ವಲ್ಪ ಜಾಸ್ತಿ, ಇರಲಿ. ತೇಗ, ಬೀಟೆ ಕಡಿಯುವ ಮಾತಿದ್ದರಂತೂ ಅನುಮತಿ ಇಲ್ಲದೆ ಕೊಡಲಿ ಎತ್ತಬೇಡಿ.

ಪ್ರಶ್ನೆ: ಕಬ್ಬಿಣ ಕೊಯ್ಯುವ ಬ್ಯಾಂಡ್ ಸಾ ಅಗ್ಗಕ್ಕೆ ಸಿಕ್ಕಿದೆ. ಮರಕ್ಕೆ ಆಗುತ್ತಾ?

ಇಲ್ಲ. ಮರಕ್ಕೆ ಬ್ಲೇಡು ನಿಮಿಷಕ್ಕೆ ಸುಮಾರು 3000 ಅಡಿ ಓಡಬೇಕು, ಅದು ಕೆಲವೇ ನೂರು ಅಡಿ ಓಡುತ್ತದೆ.

ಪ್ರಶ್ನೆ: ಸಾಮಿಲ್ಲಿನ ಹಳೇ ಬ್ಲೇಡು ಸೀಳಿಸಿ ಬೆಸುಗೆ ಹಾಕಿಸಿದರೆ ಉಳಿತಾಯ ಅಲ್ವಾ?

ಅಲ್ಲ. 8, 10 ಇಂಚಿನ ಚಕ್ರಕ್ಕೆ ಸುಮಾರು 0.35 ಮಿ.ಮೀ. ದಪ್ಪದ ಬ್ಲೇಡು ಬೇಕು. ಅದಕ್ಕಿಂತ ಬಹಳ ದಪ್ಪದ್ದು ಸಣ್ಣ ಚಕ್ರದ ಸುತ್ತ ಬಗ್ಗಿ ಬಗ್ಗಿ ಬಿರುಕು ಬಿಟ್ಟು ತುಂಡಾಗುತ್ತದೆ. ಇದನ್ನು ಹೇಳಿಕೊಟ್ಟವರು ಯಾರೇ ಆಗಲಿ, ಅವರಿಗೆ ಈ ಕೆಲಸ ಗೊತ್ತಿಲ್ಲ.

ಪ್ರಶ್ನೆ: ಬ್ಲೇಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಬೇಡ. ಪುಡಿ ಅಂಟುತ್ತದೆ, ಮರಕ್ಕೆ ಕಲೆ ಆಗಿ ಪಾಲಿಶ್ ಹಿಡಿಯುವುದಿಲ್ಲ.

ಪ್ರಶ್ನೆ: ವಿಡಿಯೊ ನೋಡಿ ಪ್ಲೈವುಡ್ ಚಕ್ರ ಹಾಕಿ ನಾನೇ ಬ್ಯಾಂಡ್ ಸಾ ಮಾಡಿಕೊಳ್ಳಲಾ?

ಆಗುಂಬೆ ಕೆಳಗೆ ಕೂತು ಕೇಳುತ್ತಿದ್ದೀರಿ! ಜುಲೈ ತಿಂಗಳ ಮಳೆಯ ತೇವಕ್ಕೆ ಆ ಚಕ್ರ ಉಬ್ಬುತ್ತದೆ. ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ತುಕ್ಕು ತಡೆಯುವುದು ಹೇಗೆ?

ಕೆಲಸ ಮುಗಿದ ತಕ್ಷಣ ಬ್ಲೇಡಿನ ಬಿಗಿ ಸಡಿಲಿಸಿ. ಕೆಳಗಿನ ಚಕ್ರದ ಟೈರಿಗೆ ಅಂಟಿದ ಪುಡಿ ಬ್ರಶ್ಶಿನಿಂದ ತೆಗೆಯಿರಿ. ಟೇಬಲ್ಲಿಗೆ ಮೇಣ ಉಜ್ಜಿ. ವಾರಗಟ್ಟಲೆ ಓಡಿಸುವುದಿಲ್ಲ ಅಂದರೆ ಬ್ಲೇಡು ಬಿಚ್ಚಿ, ಒರೆಸಿ, ಮನೆಯೊಳಗೆ ಬೆಚ್ಚಗಿರುವ ಕಡೆ ತೂಗುಹಾಕಿ.

ಪ್ರಶ್ನೆ: ಗುಂಡಗಿನ ಕೊಂಬೆಯಿಂದ ಬಿಲ್ಲೆ ಕೊಯ್ದು ಟೀ ಕೋಸ್ಟರ್ ಮಾಡುವ ಆಸೆ. ಕೈಯಲ್ಲಿ ಹಿಡಿದು ಕೊಡಬಹುದಾ?
– ಓದುಗರು, ಸಾಗರ

ಖಂಡಿತ ಬೇಡ. ನನ್ನ ಎಡಗೈ ತೋರುಬೆರಳಿನಲ್ಲಿ ಉಗುರು ಅರ್ಧವೇ ಇದೆ. ಇಪ್ಪತ್ತು ವರ್ಷದ ಹಿಂದೆ ಹೀಗೇ ಒಂದು ಸಿಲ್ವರ್ ಓಕ್ ಕೊಂಬೆ ಕೈಯಲ್ಲಿ ಹಿಡಿದಿದ್ದೆ. ಹಲ್ಲು ಕೆಳಕ್ಕೆ ಎಳೆದಾಗ ಗುಂಡು ಮರ ಗಿರಕ್ಕನೆ ಉರುಳಿತು, ಕೈಯನ್ನೂ ಎಳೆದುಕೊಂಡಿತು. ಒಂದು ದಪ್ಪ ಹಲಗೆಯಲ್ಲಿ ಉದ್ದಕ್ಕೆ ವಿ ಆಕಾರದ ತೋಡು ತೆಗೆಯಿರಿ. ಕೊಂಬೆಯನ್ನು ಅದರಲ್ಲಿ ಕೂರಿಸಿ, ಬ್ಲೇಡಿನ ದಾರಿಯಿಂದ ದೂರದ ತುದಿಯಲ್ಲಿ ಸ್ಕ್ರೂ ಹಾಕಿ ಬಿಗಿಯಿರಿ. ಮೇಲಿನ ಗೈಡನ್ನು ಮರದಿಂದ ಎರಡು ನೂಲು ಮಾತ್ರ ಎತ್ತರಕ್ಕೆ ಇಳಿಸಿ. ಕೈಗವಸು ಹಾಕಬೇಡಿ, ಹಲ್ಲಿಗೆ ಸಿಕ್ಕಿದರೆ ಕೈ ಒಳಗೆ ಹೋಗುತ್ತದೆ. ಕೊನೆಯ ಎರಡು ಬಿಲ್ಲೆಗಳ ಆಸೆ ಬಿಡಿ, ಆ ತುಂಡು ಒಲೆಗೆ ಹೋಗಲಿ.